ಒಣಗುವಾಗಲೇ ಬಿರಿಯುವ ಜೇಡಿಮಣ್ಣು: ಕಾರಣದ ಖನಿಜವನ್ನು ಪತ್ತೆ ಹಚ್ಚಿದ ಕ್ರಮ

ಹರಿಹರದ ಕಡೆಯ ಕೆರೆಯೊಂದರ ಜೇಡಿಮಣ್ಣಿನ ಹೆಂಚುಗಳು ಭಟ್ಟಿಗೆ ಹೋಗುವ ಮೊದಲೇ, ನೆರಳಿನಲ್ಲಿ ಒಣಗುವಾಗ ಅಂಚಿನಿಂದ ಬಿರಿಯುತ್ತಿದ್ದವು. ರಾಸಾಯನಿಕ ವಿಶ್ಲೇಷಣೆಯಿಂದ ಸಿಲಿಕಾ, ಅಲ್ಯೂಮಿನಾಗಳ ಪ್ರಮಾಣ ತಿಳಿಯಿತೇ ಹೊರತು ಅವು ಯಾವ ಖನಿಜದಲ್ಲಿವೆ ಎಂಬುದು ತಿಳಿಯಲಿಲ್ಲ. ಇಡೀ ಮಣ್ಣನ್ನು ಪುಡಿಮಾಡಿ ಎಕ್ಸ್‌ಆರ್‌ಡಿ (ಹರಳಿನ ಪದರಗಳಿಂದ ಎಕ್ಸ್-ಕಿರಣ ಚದುರುವ ಕೋನ ನೋಡಿ ಖನಿಜ ಗುರುತಿಸುವ ಪರೀಕ್ಷೆ) ಮಾಡಿಸಿದರೆ 26.6 ಡಿಗ್ರಿ ಕೋನದಲ್ಲಿರುವ ಕ್ವಾರ್ಟ್ಸ್ ಶಿಖರವೇ ಎದ್ದು ಕಂಡಿತು. ಸ್ಕ್ಯಾನ್ ನಿಧಾನಗೊಳಿಸಿದರೂ ಫಲವಾಗಲಿಲ್ಲ.

ಕೆಲಸಕ್ಕೆ ಬಂದದ್ದು 2 ಮೈಕ್ರಾನ್‌ಗಿಂತ ಸಣ್ಣ ಕಣಗಳನ್ನಷ್ಟೇ ಬೇರ್ಪಡಿಸಿ ನೋಡುವ ಕ್ರಮ. ಮಣ್ಣನ್ನು ಅರೆಯದೆ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ಕಣಗಳು ಒಂದಕ್ಕೊಂದು ಅಂಟದಂತೆ ಸ್ವಲ್ಪ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಹಾಕಿ ಕದಡಿ, ಅಲುಗಾಡಿಸದೆ ಬಿಡಬೇಕು. ನೀರು 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಸುಮಾರು 8 ಗಂಟೆಯ ನಂತರ ಮೇಲಿನ 10 ಸೆಂ.ಮೀ. ಭಾಗವನ್ನು ಪಿಪೆಟ್‌ನಿಂದ ತೆಗೆಯಬೇಕು. ದಾವಣಗೆರೆಯ ಬೇಸಿಗೆಯಲ್ಲಿ ನೀರು 30 ಡಿಗ್ರಿಗೆ ಏರಿದಾಗ ಆರೂಕಾಲು ಗಂಟೆ ಸಾಕು. ಅದನ್ನು ಮೆಗ್ನೀಸಿಯಂ ಕ್ಲೋರೈಡ್‌ನಿಂದ ಸಂಸ್ಕರಿಸಿ, ತೊಳೆದು, ಸ್ಲೈಡ್ ಮೇಲೆ ತೆಳುವಾಗಿ ಹರಡಿ ತಾನಾಗಿ ಒಣಗಲು ಬಿಟ್ಟರೆ ಪದರ ಕಣಗಳು ಮಟ್ಟಸವಾಗಿ ಮಲಗುತ್ತವೆ.

ಒಂದೇ ಸ್ಲೈಡನ್ನು ಈ ಅನುಕ್ರಮದಲ್ಲೇ ಮೂರು ಬಾರಿ, ತಾಮ್ರದಿಂದ ಹೊಮ್ಮುವ ಎಕ್ಸ್-ಕಿರಣದಲ್ಲಿ 3ರಿಂದ 30 ಡಿಗ್ರಿ ಕೋನದವರೆಗೆ, 0.02 ಡಿಗ್ರಿ ಹೆಜ್ಜೆಯಲ್ಲಿ ನೋಡಬೇಕು: ಗಾಳಿಯಲ್ಲಿ ಒಣಗಿದ ಮೇಲೆ, 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಎಥಿಲೀನ್ ಗ್ಲೈಕಾಲ್ ಆವಿಯಲ್ಲಿಟ್ಟ ಮೇಲೆ, 550 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಿದ ಮೇಲೆ. ಸಾಮಾನ್ಯ ಗಾಜು ಆ ಶಾಖಕ್ಕೆ ಬಾಗಬಹುದಾದ್ದರಿಂದ ಕ್ವಾರ್ಟ್ಸ್ ಸ್ಲೈಡ್ ಬಳಸುವುದು ಒಳ್ಳೆಯದು.

ಶಿಖರದ ಕೋನದಿಂದ ಖನಿಜದ ಪದರಗಳ ನಡುವಿನ ಅಂತರವನ್ನು ಆಂಗ್‌ಸ್ಟ್ರಾಮ್‌ನಲ್ಲಿ (ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ) ಲೆಕ್ಕ ಹಾಕಬಹುದು. ಸುಮಾರು 15 ಆಂಗ್‌ಸ್ಟ್ರಾಮ್‌ನ ಶಿಖರ ಗ್ಲೈಕಾಲ್ ನಂತರ 17ಕ್ಕೆ ಹಿಗ್ಗಿ, ಕಾಯಿಸಿದಾಗ 10ಕ್ಕೆ ಕುಗ್ಗಿತು. ನೀರು ಹೀರಿ ಉಬ್ಬುವ, ಒಣಗಿದಾಗ ಕುಗ್ಗುವ ಸ್ಮೆಕ್ಟೈಟ್ ಎಂಬ ಜೇಡಿ ಖನಿಜದ ಲಕ್ಷಣವೇ ಇದು. ಕೊನೆಯ ಸ್ಕ್ಯಾನ್‌ನಲ್ಲಿ ಅಳಿಸಿಹೋದ 7.15 ಆಂಗ್‌ಸ್ಟ್ರಾಮ್‌ನ ಶಿಖರ ಕೆಯೊಲಿನೈಟ್ ಎಂಬ, ಹಾಗೆ ಉಬ್ಬದ ಜೇಡಿ ಖನಿಜದ್ದು. ಬಳಿಕ ಸುಟ್ಟ ಹೆಂಚಿನ ಪುಡಿಯನ್ನು ಮಣ್ಣಿಗೆ ಬೆರೆಸಿದಾಗ ಕುಗ್ಗುವಿಕೆ ತಗ್ಗಿ, ಬಿರುಕು ನಿಂತಿತು.