ಒಂದು ಕ್ವಾರ್ಟರ್ ಇಳಿಯಲು ಎಷ್ಟು ಗಂಟೆ ಬೇಕು? ಲಿವರ್ ಲೆಕ್ಕ ಹಾಕುವ ಬಗೆ

ಮೊದಲು ಬಾಟಲಿಯ ಲೇಬಲ್ ಓದಿ. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್ ಮೇಲೆ ಸಾಮಾನ್ಯವಾಗಿ ಆಲ್ಕೋಹಾಲ್ ಶೇ 42.8 ಎಂದಿರುತ್ತದೆ. ಕುಡಿದ ಮಿ.ಲೀ.ಯನ್ನು ಈ ಸಂಖ್ಯೆಯಿಂದ ಗುಣಿಸಿ, 100ರಿಂದ ಭಾಗಿಸಿ, ಬಂದದ್ದನ್ನು 0.79ರಿಂದ ಗುಣಿಸಿ. ಸಿಗುವುದು ಶುದ್ಧ ಆಲ್ಕೋಹಾಲ್‌ನ ತೂಕ, ಗ್ರಾಂಗಳಲ್ಲಿ. 180 ಮಿ.ಲೀ. ಕ್ವಾರ್ಟರ್‌ನಲ್ಲಿ ಸುಮಾರು 61 ಗ್ರಾಂ. ಶೇ 8ರ ಸ್ಟ್ರಾಂಗ್ ಬಿಯರ್‌ನ 650 ಮಿ.ಲೀ. ಬಾಟಲಿಯಲ್ಲಿ 41 ಗ್ರಾಂ, ಅಂದರೆ 30 ಮಿ.ಲೀ.ಯ ನಾಲ್ಕು ಪೆಗ್‌ಗೆ ಸಮ. 'ಬಿಯರ್ ತಾನೇ' ಅನ್ನುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಲೇಬೇಕು. ನೀರು, ಸೋಡಾ ಎಷ್ಟು ಬೆರೆಸಿದರೂ ಗ್ರಾಂ ಬದಲಾಗದು.

ಆರೋಗ್ಯವಂತರ ಲಿವರ್ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಕರಗಿಸುತ್ತದೆ. 8 ಎಂದು ಹಿಡಿದರೆ ಒಂದು ಕ್ವಾರ್ಟರ್‌ಗೆ ಏಳೂವರೆ ಗಂಟೆಗೂ ಹೆಚ್ಚು. ರಾತ್ರಿ 11ಕ್ಕೆ ಮುಗಿಸಿದವರು ಬೆಳಿಗ್ಗೆ 6ಕ್ಕೆ ಬೈಕ್ ಏರಿದರೆ ರಕ್ತದಲ್ಲಿ ಇನ್ನೂ ಮದ್ಯ ಇರಬಹುದು. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಇದು ಅಂದಾಜಿನ ಲೆಕ್ಕ. ಗಾಡಿ ಓಡಿಸಲು ಪರವಾನಗಿ ಅಲ್ಲ. ಮಜ್ಜಿಗೆ, ನಿಂಬೆರಸ, ಕಾಫಿ, ತಣ್ಣೀರು ಸ್ನಾನ ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ಮೊದಲೇ ಊಟ ಮಾಡಿದ್ದರೆ ಮದ್ಯ ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ, ಅಷ್ಟೇ.

ಲಿವರ್ ಒಳಗೆ ಒಂದು ಕಿಣ್ವ ಆಲ್ಕೋಹಾಲನ್ನು ಅಸಿಟಾಲ್ಡಿಹೈಡ್ ಮಾಡುತ್ತದೆ. ಜೀವಕೋಶಗಳಿಗೆ ಇದೇ ವಿಷ. ಇನ್ನೊಂದು ಕಿಣ್ವ ಅದನ್ನು ನಿರಪಾಯಕಾರಿ ಅಸಿಟೇಟ್ ಆಗಿಸುತ್ತದೆ. ಈ ಕೆಲಸದಲ್ಲಿ ಮುಳುಗಿದ ಲಿವರ್ ಕೊಬ್ಬು ಉರಿಸುವುದನ್ನು ಬಿಟ್ಟು ಶೇಖರಿಸತೊಡಗುತ್ತದೆ. ಫ್ಯಾಟಿ ಲಿವರ್ ಶುರುವಾಗುವುದು ಹೀಗೆ. ಹೊಸ ಸಕ್ಕರೆ ತಯಾರಿಕೆಯೂ ಕುಂಠಿತವಾಗುತ್ತದೆ. ಆದ್ದರಿಂದ ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಕುಡಿದು ಬೆವರುತ್ತಾ, ತೊದಲುತ್ತಾ ಇದ್ದರೆ 'ಜಾಸ್ತಿಯಾಗಿದೆ, ಮಲಗಲಿ' ಎಂದು ಬಿಡಬೇಡಿ. ಗ್ಲುಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದು ನುಂಗುವಷ್ಟು ಎಚ್ಚರವಿದ್ದರೆ ಸಕ್ಕರೆ ನೀರು ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ.

ನಿತ್ಯ ಕುಡಿಯುವವರ ಲಿವರ್‌ನಲ್ಲಿ ಪ್ಯಾರಾಸಿಟಮಾಲ್‌ನ ವಿಷಾಂಶ ಹೆಚ್ಚು ಉತ್ಪತ್ತಿಯಾಗುತ್ತದೆ. ತಲೆನೋವೆಂದು ಮಾತ್ರೆಯ ಮೇಲೆ ಮಾತ್ರೆ ನುಂಗುವುದು ಅಪಾಯ. ಎಷ್ಟು ಎಂಬುದನ್ನು ವೈದ್ಯರನ್ನೇ ಕೇಳಿ.

ಲಿವರ್ ಪರೀಕ್ಷೆಯ ವರದಿಯಲ್ಲಿ ಎಎಸ್‌ಟಿ, ಎಎಲ್‌ಟಿ ಎಂಬ ಎರಡು ಕಿಣ್ವಗಳ ಅಂಕಿ ಇರುತ್ತದೆ. ಎಎಸ್‌ಟಿ, ಎಎಲ್‌ಟಿಯ ಎರಡು ಪಟ್ಟನ್ನೂ ಮೀರಿದ್ದರೆ ಮದ್ಯದ ಹಾನಿಯ ಶಂಕೆ ಬಲವಾಗುತ್ತದೆ. ಆದರೆ ಸಿರೋಸಿಸ್ (ಲಿವರ್ ಗಾಯಗಟ್ಟಿ ಗಡುಸಾಗುವುದು) ಇದ್ದವರಲ್ಲೂ ಈ ಅಂಕಿಗಳು ಸಹಜವಾಗಿ ಕಾಣಬಹುದು. ಹಾಗಾಗಿ ಅಲ್ಟ್ರಾಸೌಂಡ್, ಪ್ಲೇಟ್‌ಲೆಟ್ ಎಣಿಕೆ, ಸಾಧ್ಯವಾದರೆ ಲಿವರ್ ಎಷ್ಟು ಗಡುಸಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಬಗ್ಗೆಯೂ ವಿಚಾರಿಸಿ. ಬರೀ ಕೊಬ್ಬಿನ ಹಂತದಲ್ಲಿದ್ದರೆ ಪೂರ್ತಿ ಬಿಟ್ಟ ಕೆಲವೇ ವಾರಗಳಲ್ಲಿ ಲಿವರ್ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ.

ಬಿಡುವ ವಿಧಾನವೂ ಮುಖ್ಯ. ದಿನಾ ಹೆಚ್ಚು ಕುಡಿಯುವವರು ಮನೆಯಲ್ಲಿ ತಾವೇ ಒಮ್ಮೆಲೇ ನಿಲ್ಲಿಸಬಾರದು. 6ರಿಂದ 24 ಗಂಟೆಯಲ್ಲಿ ಕೈನಡುಕ, ಎರಡು ದಿನದೊಳಗೆ ಫಿಟ್ಸ್, ಎರಡರಿಂದ ನಾಲ್ಕನೇ ದಿನದಲ್ಲಿ ಇಲ್ಲದ್ದು ಕಾಣುವ ಸನ್ನಿ ಬರಬಹುದು, ಪ್ರಾಣಕ್ಕೂ ಕುತ್ತು. ಆಸ್ಪತ್ರೆಯಲ್ಲಿ ಥಯಾಮಿನ್ (ವಿಟಮಿನ್ ಬಿ1) ಮತ್ತು ಔಷಧಿಗಳ ಆಸರೆಯಲ್ಲಿ ಬಿಡಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ. ಮಾನಸಿಕ ಆರೋಗ್ಯದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು. ಕಣ್ಣು ಹಳದಿಯಾಗಿ, ಹೊಟ್ಟೆ ಉಬ್ಬಿದ್ದರೆ, ರಕ್ತವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಾದರೆ ಅಥವಾ ಮಾತು ಗೊಂದಲವಾದರೆ ನಾಳೆಗೆಂದು ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.