ಚಾಕೊಲೇಟ್ ತರಿಸುವ ಮುಂಚೆ: ಅಮೆರಿಕಕ್ಕೆ ಹೊಸದಾಗಿ ಬಂದ ಕುಟುಂಬಗಳಿಗೆ

ಇಲ್ಲಿ ಚಾಕೊಲೇಟ್, ಗಮ್ಮಿ, ಕುಕಿಗಳ ರೂಪದಲ್ಲಿ ಅಮಲಿನ ಪದಾರ್ಥ ರಾಜಾರೋಷವಾಗಿ ಮಾರಾಟವಾಗುತ್ತದೆ. ಸ್ಮೋಕ್ ಶಾಪ್, ವೇಪ್ ಅಂಗಡಿ, ಕೆಲವು ಕಡೆ ಗ್ಯಾಸ್ ಸ್ಟೇಷನ್‌ನಲ್ಲೂ ಸಿಗುತ್ತದೆ. ಆನ್‌ಲೈನ್‌ನಲ್ಲಂತೂ ಕೇಳಲೇಬೇಡಿ. ನಾವು ಕುಡಿಯುವವರಲ್ಲ, ಸೇದುವವರಲ್ಲ, ನಮಗ್ಯಾಕೆ ಇದು ಅಂತ ಪುಟ ತಿರುಗಿಸಬೇಡಿ. ಕಾಲೇಜಿಗೆ ಹೋಗುವ ಮಗನ ಬ್ಯಾಗಿನಲ್ಲೋ, ರೂಮ್‌ಮೇಟ್ ಜೊತೆ ಹಂಚಿಕೊಂಡ ಫ್ರಿಜ್ಜಿನಲ್ಲೋ ಅಂಥ ಒಂದು ಚಾಕೊಲೇಟ್ ಬಾರ್ ಇದ್ದರೆ ಸಾಕು, ಅದು ನಿಮ್ಮ ಮನೆಯ ವಿಷಯವೇ ಆಗುತ್ತದೆ.

2024ರಲ್ಲಿ ನಡೆದದ್ದನ್ನು ನೋಡಿ. ಕ್ಯಾಲಿಫೋರ್ನಿಯಾದ ಪ್ರಾಫೆಟ್ ಪ್ರೀಮಿಯಂ ಬ್ಲೆಂಡ್ಸ್ ಕಂಪನಿ 'ಡೈಮಂಡ್ ಶ್ರೂಮ್ಸ್' ಹೆಸರಿನಲ್ಲಿ ಚಾಕೊಲೇಟ್ ಬಾರ್, ಕೋನ್, ಗಮ್ಮಿ ಮಾರುತ್ತಿತ್ತು. ತಿಂದವರಿಗೆ ಫಿಟ್ಸ್ ಬಂತು, ವಾಂತಿ ಆಯಿತು, ಎದೆಬಡಿತ ಏರುಪೇರಾಯಿತು, ಕೆಲವರಿಗೆ ಎಚ್ಚರವೇ ತಪ್ಪಿತು. ಜೂನ್ ಮೊದಲ ವಾರದಲ್ಲಿ ಎಫ್‌ಡಿಎ, ಅಂದರೆ ಆಹಾರ ಮತ್ತು ಔಷಧಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ, ಎಚ್ಚರಿಕೆ ಕೊಟ್ಟಿತು. ಕಂಪನಿ ರೀಕಾಲ್ ಮಾಡಿದ್ದು, ಅಂದರೆ ಮಾರಿದ ಸರಕನ್ನು ವಾಪಸ್ ಕರೆಸಿಕೊಂಡದ್ದು, ಜೂನ್ ಕೊನೆಗೆ. ತನಿಖೆ ಮುಗಿಯುವಷ್ಟರಲ್ಲಿ 34 ರಾಜ್ಯಗಳಿಂದ 180 ಪ್ರಕರಣ ವರದಿಯಾಗಿದ್ದವು. 73 ಜನ ಆಸ್ಪತ್ರೆ ಸೇರಿದ್ದರು. ಮೂರು ಸಾವುಗಳಿಗೂ ಇದಕ್ಕೂ ಸಂಬಂಧ ಇರಬಹುದು ಅಂತ ದಾಖಲಾಯಿತು.

ರೀಕಾಲ್‌ಗೆ ಕಂಪನಿ ಕೊಟ್ಟ ಕಾರಣ ಮಸ್ಸಿಮೋಲ್ ಎಂಬ ಅಣಬೆಯ ರಾಸಾಯನಿಕ ಜಾಸ್ತಿ ಇದೆ ಅನ್ನುವುದು. ಕೆಂಪು ಟೋಪಿಗೆ ಬಿಳಿ ಚುಕ್ಕಿ ಇರುವ ಅಣಬೆಯನ್ನು ಮಕ್ಕಳ ಚಿತ್ರಪುಸ್ತಕದಲ್ಲಿ ನೋಡಿರುತ್ತೀರಲ್ಲ, ಅದರಲ್ಲಿ ಇರುವುದು ಇದೇ. ಎಫ್‌ಡಿಎ ಲ್ಯಾಬಿನಲ್ಲಿ ಪರೀಕ್ಷೆ ಮಾಡಿದಾಗ ಅಷ್ಟಕ್ಕೇ ನಿಲ್ಲಲಿಲ್ಲ. ಕೆಲವು ಮಾದರಿಗಳಲ್ಲಿ ಭ್ರಮೆ ಹುಟ್ಟಿಸುವ ಸೈಲೋಸಿನ್ ಎಂಬ ಮಾದಕ ಪದಾರ್ಥ ಇತ್ತು, ಡಾಕ್ಟರ ಚೀಟಿ ಇಲ್ಲದೆ ಸಿಗದ ಪ್ರಿಗ್ಯಾಬಲಿನ್ ಮಾತ್ರೆಯ ಔಷಧವೂ ಇತ್ತು. ಚಾಕೊಲೇಟಿನಲ್ಲಿ ನರದ ಮಾತ್ರೆ!

ಹೊಸಬರು ಎಡವುವುದು ಮುಂದಿನ ವಿಷಯದಲ್ಲಿ. ರೀಕಾಲ್ ಆಯಿತು ಅಂದರೆ ಸರ್ಕಾರದವರು ಬಂದು ಎಲ್ಲ ಹೊತ್ತುಕೊಂಡು ಹೋದರು ಅಂತ ಅಂದುಕೊಳ್ಳುತ್ತೇವೆ. ಹಾಗಲ್ಲ. ಇಲ್ಲಿ ಹೆಚ್ಚಿನ ರೀಕಾಲ್‌ಗಳನ್ನು ಕಂಪನಿಯೇ ಮಾಡುತ್ತದೆ, ಎಫ್‌ಡಿಎ ಅದರ ಮೇಲ್ವಿಚಾರಣೆ ಮಾಡುತ್ತದೆ. ಸರಕು ಅಷ್ಟರಲ್ಲಿ ಸಣ್ಣಪುಟ್ಟ ಮಾರಾಟಗಾರರ ಗೋಡೌನಿಗೆ ಹೋಗಿರುತ್ತದೆ. ಅವರು ವೆಬ್‌ಸೈಟಿನಿಂದ ತೆಗೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಡೈಮಂಡ್ ಶ್ರೂಮ್ಸ್ ಕೂಡ ರೀಕಾಲ್ ಆದ ಮೇಲೂ ಆನ್‌ಲೈನ್‌ನಲ್ಲಿ ಸಿಗುತ್ತಿತ್ತು. ಹಾಗಾಗಿ 'ಸೇಲ್‌ನಲ್ಲಿದೆ, ಅರ್ಧ ಬೆಲೆ' ಅನ್ನುವುದನ್ನು ಕಂಡರೆ ಸುಮ್ನೆ ಕ್ಲಿಕ್ ಮಾಡಬೇಡಿ. ಮೊದಲು ಎಫ್‌ಡಿಎ ವೆಬ್‌ಸೈಟಿನ ರೀಕಾಲ್ ಪಟ್ಟಿಯಲ್ಲಿ ಆ ಹೆಸರು ಹುಡುಕಿ. ಹೆಸರು ಅಲ್ಲಿ ಇಲ್ಲ ಅಂದಮಾತ್ರಕ್ಕೆ ಒಳ್ಳೆಯದು ಅಂತಲೂ ಅಲ್ಲ, ಅದು ಬೇರೆ ಮಾತು.

ಪೊಟ್ಟಣ ತಿರುಗಿಸಿ ಜೆಲಟಿನ್ ಇದೆಯಾ, ಮೊಟ್ಟೆ ಇದೆಯಾ ಅಂತ ನೋಡುವ ಅಭ್ಯಾಸ ನಮ್ಮಲ್ಲಿ ಬಹಳ ಮನೆಗಳಿಗೆ ಇದೆ. ಅದೇ ಕಣ್ಣಿಗೆ ಇನ್ನಷ್ಟು ಕೆಲಸ ಕೊಡಿ. ಮಶ್ರೂಮ್ ಬ್ಲೆಂಡ್ (ಅಣಬೆ ಮಿಶ್ರಣ), ಪ್ರೊಪ್ರೈಟರಿ ಬ್ಲೆಂಡ್ (ಯಾವುದು ಎಷ್ಟಿದೆ ಅಂತ ಹೇಳದ ಮಿಶ್ರಣ), ನೂಟ್ರೋಪಿಕ್ (ಮೆದುಳು ಚುರುಕಾಗುತ್ತದೆ ಅಂತ ಮಾರುವಂಥದ್ದು), ಮೈಕ್ರೋಡೋಸ್ (ಅಮಲಿನ ಪದಾರ್ಥದ ಸಣ್ಣ ಪ್ರಮಾಣ), ಡೆಲ್ಟಾ-8, ಟಿಎಚ್‌ಸಿ (ಎರಡೂ ಗಾಂಜಾ ಜಾತಿಯ ಅಮಲಿನ ಅಂಶಗಳು) ಅಂತ ಇದ್ದರೆ ಕೆಳಗಿಡಿ. 'ಒಂದು ಸಲಕ್ಕೆ ಎರಡೇ ತುಂಡು ತಿನ್ನಿ' ಅಂತ ಬರೆದ ಚಾಕೊಲೇಟ್ ಚಾಕೊಲೇಟ್ ಅಲ್ಲ, ಅಲ್ವಾ? ಹೊರಗಿನ ಚಿತ್ರವನ್ನಂತೂ ನಂಬಲೇಬೇಡಿ. ಡೋರಿಟೋಸ್, ಚೀಟೋಸ್, ನರ್ಡ್ಸ್ ಪ್ಯಾಕೆಟ್ಟನ್ನು ಹೋಲುವ ಹಾಗೆ ಡೆಲ್ಟಾ-8 ತಿಂಡಿ ಮಾರುತ್ತಿದ್ದ ಕಂಪನಿಗಳಿಗೆ 2023ರ ಜುಲೈನಲ್ಲಿ ಸರ್ಕಾರ ಎಚ್ಚರಿಕೆ ಪತ್ರ ಕಳಿಸಬೇಕಾಯಿತು.

ಊರಿಂದ ಅಪ್ಪ ಅಮ್ಮ ಬಂದಿದ್ದರೆ ಅವರಿಗೆ ಇದನ್ನು ಕೂರಿಸಿಕೊಂಡು ಹೇಳಿ. ಮೊಮ್ಮಗು ಹಟ ಮಾಡಿದರೆ ಅಜ್ಜಿ ಫ್ರಿಜ್ಜಿನಲ್ಲಿ ಕಂಡ ಚಾಕೊಲೇಟನ್ನು ಮುರಿದು ಕೊಟ್ಟೇ ಕೊಡುತ್ತಾರೆ. ಆರು ವರ್ಷದೊಳಗಿನ ಮಕ್ಕಳು ಗಾಂಜಾ ಬೆರೆತ ತಿಂಡಿ ತಿಂದ ಪ್ರಕರಣಗಳು ಅಮೆರಿಕದಲ್ಲಿ 2017ರಲ್ಲಿ 207 ಇದ್ದವು, 2021ರಲ್ಲಿ 3,054 ಆದವು. ಹೆಚ್ಚಿನವು ಮನೆಯಲ್ಲೇ ಆದದ್ದು.

ತಿಂದ ತಕ್ಷಣ ಏನೂ ಗೊತ್ತಾಗುವುದಿಲ್ಲ, ಒಂದೆರಡು ಗಂಟೆಯೂ ಹಿಡಿಯಬಹುದು. ಏನೂ ಆಗಲಿಲ್ಲ ಅಂತ ಕಾಯುತ್ತಾ ಕೂರಬೇಡಿ. 1-800-222-1222ಕ್ಕೆ ಕರೆ ಮಾಡಿ. ಇದು ಪಾಯ್ಸನ್ ಕಂಟ್ರೋಲ್, ಅಂದರೆ ವಿಷ ಸೇವನೆಗೆ ಸಲಹೆ ಕೊಡುವ ಸಹಾಯವಾಣಿ, ಹಗಲೂ ರಾತ್ರಿಯೂ ಇರುತ್ತದೆ, ದುಡ್ಡಿಲ್ಲ. ಇಂಗ್ಲಿಷ್ ಕಷ್ಟವಾದರೆ ಇಂಟರ್‌ಪ್ರಿಟರ್ (ಮಾತು ಅನುವಾದಿಸುವವರು) ಬೇಕು ಅಂತ ಕೇಳಿ. ಫಿಟ್ಸ್, ಉಸಿರಾಟದ ತೊಂದರೆ, ಎಬ್ಬಿಸಿದರೂ ಏಳದಿರುವುದು ಕಂಡರೆ ನೇರವಾಗಿ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ನೀವಾಗಿ ವಾಂತಿ ಮಾಡಿಸಲು ಹೋಗಬೇಡಿ. ಪೊಟ್ಟಣವನ್ನು ಜೊತೆಗೇ ಒಯ್ಯಿರಿ. ವೀಸಾಕ್ಕೆ ತೊಂದರೆ ಆದೀತೆಂಬ ಭಯಕ್ಕೆ ಡಾಕ್ಟರ ಹತ್ತಿರ ಮುಚ್ಚಿಟ್ಟರೆ ಚಿಕಿತ್ಸೆ ತಡವಾಗುತ್ತದೆ. ಮಗು ಏನು ತಿಂದಿದೆಯೋ ಅದನ್ನೇ ಹೇಳಿ.

ವೀಸಾ ಮಾತು ಬಂತಲ್ಲ. ರಾಜ್ಯದಲ್ಲಿ ಗಾಂಜಾ ಕಾನೂನುಬದ್ಧ ಇರಬಹುದು, ಕೇಂದ್ರ ಸರ್ಕಾರದ ಕಾನೂನಿನಲ್ಲಿ ಅಲ್ಲ. ವಲಸೆ ವಿಷಯದಲ್ಲಿ ನಡೆಯುವುದು ಕೇಂದ್ರದ ಕಾನೂನೇ. ಎಚ್-1ಬಿ (ಕೆಲಸದ ವೀಸಾ), ಎಫ್-1 (ವಿದ್ಯಾರ್ಥಿ ವೀಸಾ), ಗ್ರೀನ್ ಕಾರ್ಡ್ ಯಾವುದೇ ಇರಲಿ, 'ಇಲ್ಲಿ ಲೀಗಲ್' ಅನ್ನುವ ಸ್ನೇಹಿತರ ಮಾತಿಗೆ ಬೆಲೆ ಇಲ್ಲ. ಏನಾದರೂ ಆಗಿಬಿಟ್ಟಿದ್ದರೆ ವಲಸೆ ವಕೀಲರನ್ನೇ ಕೇಳಿ.

ರೀಕಾಲ್ ಆದ ಪೊಟ್ಟಣ ಮನೆಯಲ್ಲಿ ಸಿಕ್ಕಿದರೆ ರುಚಿ ನೋಡುವುದು ಬೇಡ, ಇನ್ನೊಬ್ಬರಿಗೆ ದಾಟಿಸುವುದೂ ಬೇಡ. ಫೋಟೊ ತೆಗೆದು, ಮಕ್ಕಳ ಕೈಗೆ ಸಿಗದ ಹಾಗೆ ಕಸಕ್ಕೆ ಹಾಕಿ, ಇನ್ನೂ ಮಾರುತ್ತಿರುವ ಸೈಟಿನ ಬಗ್ಗೆ ಎಫ್‌ಡಿಎಗೆ ದೂರು ಕೊಡಿ. ಊರಿಗೆ ಹೊರಡುವಾಗ ಸೂಟ್‌ಕೇಸ್ ತುಂಬ ಚಾಕೊಲೇಟ್ ತುಂಬುತ್ತೇವಲ್ಲ, ಆಗ ಬೇರೆಯವರು ಕೊಟ್ಟ ಪೊಟ್ಟಣಗಳನ್ನು ಒಂದೊಂದಾಗಿ ತೆಗೆದು ನೋಡಿ. ಭಾರತದಲ್ಲಿ ಮಾದಕ ವಸ್ತುಗಳ ವಿರುದ್ಧ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ಬೆಂಗಳೂರು ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದರೆ, ಇದು ನನ್ನದಲ್ಲ, ಅವರು ಕೊಟ್ಟದ್ದು ಅಂತ ಹೇಳಿ ಪಾರಾಗುವುದು ಸುಲಭವಲ್ಲ.