ಬೆಂಗಳೂರಿನ ಚಳಿಯಲ್ಲಿ ಮನೆಯೊಳಗಿನ ಆಮೆ

ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ರಾತ್ರಿ 15–16 ಡಿಗ್ರಿಗೆ ಇಳಿದು ಮಧ್ಯಾಹ್ನ 27ರ ಆಸುಪಾಸಿಗೆ ಏರುತ್ತದೆ. ನಮಗೆ ಹಿತವಾದ ಈ ಹವೆ ಆಮೆಗೆ ತ್ರಿಶಂಕು ಸ್ಥಿತಿ. ಎಲೆ ತಿನ್ನುವಷ್ಟು ಚುರುಕು ಹಗಲಿಗೆ ಬರುತ್ತದೆ, ತಿಂದದ್ದು ಅರಗುವಷ್ಟು ಬಿಸಿ ರಾತ್ರಿಗೆ ಉಳಿಯುವುದಿಲ್ಲ. ಹೊಟ್ಟೆಯಲ್ಲಿ ಸೊಪ್ಪು ಕೊಳೆಯುತ್ತದೆ, ರೋಗನಿರೋಧಕ ಶಕ್ತಿ ಕುಗ್ಗುತ್ತದೆ.

ಇಲ್ಲಿ ಹೇಳುತ್ತಿರುವುದು ಸುಲ್ಕಾಟಾ ಆಮೆಯ ಬಗ್ಗೆ. ಸಹಾರಾ ಮರುಭೂಮಿಯ ದಕ್ಷಿಣದಂಚಿನ ಈ ಆಮೆಗೆ ಶೀತನಿದ್ರೆಯೇ ಇಲ್ಲ. "ಚಳಿಗಾಲ, ಮಲಗಿದೆ ಬಿಡಿ" ಎಂಬ ಸಲಹೆ ಕೇಳಬೇಡಿ. ಮೂಲೆಯಲ್ಲಿ ಅಲುಗಾಡದೆ ಕೂತಿದ್ದರೆ ಮೊದಲು ಅದರ ಮೈ ತಣ್ಣಗಾಗಿದೆಯೇ ನೋಡಿ. ಸುಲ್ಕಾಟಾ ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ನಮ್ಮ ನಕ್ಷತ್ರ ಆಮೆಯನ್ನಂತೂ ಸಾಕುವಂತೆಯೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಆರು ಇಂಚಿನೊಳಗಿನ ಮರಿಗೆ 4 ಅಡಿ ಉದ್ದ, 2 ಅಡಿ ಅಗಲದ ಪ್ಲೈವುಡ್ ಪೆಟ್ಟಿಗೆ ಸಾಕು. ಗ್ರಾನೈಟ್ ನೆಲ ಕಾವನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ಪೆಟ್ಟಿಗೆಯಡಿ ಒಂದಿಂಚಿನ ಥರ್ಮೋಕೋಲ್ ಹಾಕಿ. ಒಳಗೆ ಮೂರಿಂಚು ಕೋಕೋಪೀಟ್ ಹರಡಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಒಣ ಹವೆಯಲ್ಲಿ ಬೆಳೆದ ಮರಿಯ ಚಿಪ್ಪು ಗೋಪುರ ಗೋಪುರವಾಗಿ ಉಬ್ಬುತ್ತದೆ, ಆಮೇಲೆ ಸರಿಹೋಗುವುದಿಲ್ಲ. ಆದರೆ ಒದ್ದೆಯ ಜೊತೆ ಚಳಿಯೂ ಸೇರಿದರೆ ನ್ಯುಮೋನಿಯಾಗೆ ದಾರಿ. ತೇವ ಇಡುವುದಾದರೆ ಕಾವೂ ಇರಲೇಬೇಕು.

ಕಾವು ಮೇಲಿನಿಂದ ಬರಲಿ. ಬಿಸಿಲು ಬೆನ್ನಿಗೆ ಬೀಳುವ ಪ್ರಾಣಿಯಿದು. ಹೀಟ್ ಪ್ಯಾಡ್, ಬಿಸಿಕಲ್ಲುಗಳ ಮೇಲೆ ಕೂತು ಹೊಟ್ಟೆ ಸುಟ್ಟುಕೊಳ್ಳುತ್ತದೆ. ಪೆಟ್ಟಿಗೆಯ ಒಂದು ತುದಿಯಲ್ಲಿ 100 ವ್ಯಾಟ್‌ನ ಸೆರಾಮಿಕ್ ಹೀಟರನ್ನು (ಬೆಳಕಿಲ್ಲದೆ ಕಾವು ಮಾತ್ರ ಕೊಡುವ ಬಲ್ಬ್) ಚಿಪ್ಪಿನಿಂದ ಸುಮಾರು 30 ಸೆಂ.ಮೀ. ಎತ್ತರದಲ್ಲಿ ಸರಪಳಿಯಿಂದ ತೂಗುಹಾಕಿ. ಹೋಲ್ಡರ್ ಪಿಂಗಾಣಿಯದೇ ಆಗಿರಲಿ, ಪ್ಲಾಸ್ಟಿಕ್‌ನದು ಕರಗಿ ಬೆಂಕಿ ಹತ್ತಬಹುದು. ಹಗಲು ಹೀಟರ್ ಕೆಳಗೆ 35–38 ಡಿಗ್ರಿ, ಇನ್ನೊಂದು ತುದಿಯಲ್ಲಿ 26–27 ಇರಬೇಕು. ರಾತ್ರಿ ಎಲ್ಲೂ 24ರ ಕೆಳಗೆ ಇಳಿಯಬಾರದು. ಕಾವು ನೋಡಿ ಹೀಟರನ್ನು ತಾನೇ ಹಚ್ಚಿ ಆರಿಸುವ ಥರ್ಮೋಸ್ಟಾಟ್ ಇಲ್ಲದೆ ಇದನ್ನು ನಡೆಸಬೇಡಿ. ಅದರ ಪ್ರೋಬನ್ನು (ಕಾವು ಅಳೆಯುವ ತಂತಿಯ ತುದಿ) ಚಿಪ್ಪಿನ ಎತ್ತರಕ್ಕೆ ಪೆಟ್ಟಿಗೆಯ ಗೋಡೆಗೆ ಕ್ಲಿಪ್ ಹಾಕಿ ಬಿಗಿಯಿರಿ. ಆಮೆ ಅದನ್ನು ಎಳೆದು ಕೋಕೋಪೀಟ್‌ನಲ್ಲಿ ಹೂತರೆ, ಅಲ್ಲಿನ ತಂಪನ್ನೇ ಓದಿದ ಥರ್ಮೋಸ್ಟಾಟ್ ಹೀಟರ್ ಆರಿಸದೆ ಪೆಟ್ಟಿಗೆಯನ್ನು ಕಾಯಿಸುತ್ತಲೇ ಹೋಗುತ್ತದೆ.

ಕಿಟಕಿ ಬಿಸಿಲು ಸಾಕು ಎಂಬ ನಂಬಿಕೆ ಬಿಡಿ. ಗಾಜು ಬಿಸಿಲಿನ ಯುವಿಬಿ (ಒಂದು ಬಗೆಯ ಅತಿನೇರಳೆ) ಕಿರಣಗಳನ್ನು ತಡೆಯುತ್ತದೆ. ಯುವಿಬಿ ಇಲ್ಲದೆ ಮೈಯಲ್ಲಿ ವಿಟಮಿನ್ ಡಿ3 ತಯಾರಾಗದು, ಕ್ಯಾಲ್ಸಿಯಂ ಹಿಡಿಯದು, ಚಿಪ್ಪು ಮೆತ್ತಗಾಗುತ್ತದೆ. ಟಿ5 ಯುವಿಬಿ ಟ್ಯೂಬ್ ದಿನಕ್ಕೆ 12 ಗಂಟೆ ಉರಿಯಲಿ. ವರ್ಷಕ್ಕೊಮ್ಮೆ ಬದಲಿಸಿ, ಬೆಳಕು ಬರುತ್ತಿದ್ದರೂ ಯುವಿಬಿ ಕುಗ್ಗಿರುತ್ತದೆ. ಗಾಳಿಯಿಲ್ಲದ ದಿನ 11 ಗಂಟೆಯ ನಂತರ ತಾರಸಿಯ ಬಿಸಿಲಿಗೆ ಬಿಡಿ, ಪಕ್ಕದಲ್ಲಿ ನೆರಳು ಇರಲೇಬೇಕು. ಹದ್ದು, ಕಾಗೆಗಳಿಂದ ಕಾಯಲು ಹತ್ತಿರವೇ ಇರಿ.

ಮರಿಗೆ ದಿನವೂ 32–34 ಡಿಗ್ರಿಯ ನೀರಲ್ಲಿ ಗದ್ದ ಮುಳುಗದ ಹಾಗೆ 20 ನಿಮಿಷ ಸ್ನಾನ, ಆಮೇಲೆ ಒರೆಸಿ ನೇರ ಕಾವಿನ ತುದಿಗೆ. ಮೂತ್ರದೊಡನೆ ಬರುವ ಬಿಳಿ ಪೇಸ್ಟ್ ಮರಳುಮರಳಾಗಿದ್ದರೆ ಮೈಯಲ್ಲಿ ನೀರು ಸಾಲದು. ಗರಿಕೆ ಮತ್ತು ಇತರ ಹುಲ್ಲು ಮುಖ್ಯ ಆಹಾರ. ದಾಸವಾಳ, ಹಿಪ್ಪುನೇರಳೆ ಎಲೆ ಜೊತೆಗಿರಲಿ. ಪಾಲಕ್ ದಿನಾ ಬೇಡ, ಹಣ್ಣು ಬೇಡವೇ ಬೇಡ.

ಮೂಗಿನ ಹೊಳ್ಳೆಯನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಮಾಡಿಕೊಳ್ಳಿ. ಉಸಿರು ಬಿಟ್ಟಾಗ ಸಣ್ಣ ಗುಳ್ಳೆ ಮೂಡಿದರೆ, ಕತ್ತು ಚಾಚಿ ಬಾಯಿ ತೆರೆದು ಉಸಿರೆಳೆದರೆ ಅದು ಉಸಿರಾಟದ ಸೋಂಕಿನ ಲಕ್ಷಣ. ನಮಗಿರುವಂಥ ವಪೆ (ಎದೆ, ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು) ಇಲ್ಲದ ಆಮೆಗೆ ಕೆಮ್ಮಿ ಕಫ ಹೊರಹಾಕಲು ಆಗುವುದಿಲ್ಲ, ತಾನಾಗಿ ವಾಸಿಯಾಗುವುದು ಅಪರೂಪ. ಹಗಲು ರಾತ್ರಿ 28–30 ಡಿಗ್ರಿ ಇಟ್ಟು ಸರೀಸೃಪ ತಿಳಿದ ಪಶುವೈದ್ಯರ ಬಳಿ ಅದೇ ದಿನ ಒಯ್ಯಿರಿ. ವಿಕ್ಸ್, ಹಬೆ, ಮನುಷ್ಯರ ಸಿರಪ್ ಯಾವುದೂ ಬೇಡ. ಆ ಕೋಣೆಯಲ್ಲಿ ಸೊಳ್ಳೆಬತ್ತಿ, ಊದುಬತ್ತಿ ಎಂದೂ ಹಚ್ಚಬೇಡಿ.

ಕರೆಂಟ್ ಹೋದರೆ ಬಿಸಿನೀರು ತುಂಬಿದ ಎರಡು ಲೀಟರ್ ಸ್ಟೀಲ್ ಬಾಟಲಿಯನ್ನು ಟವೆಲ್‌ನಲ್ಲಿ ಸುತ್ತಿ ಒಂದು ತುದಿಯಲ್ಲಿಡಿ, ಮೇಲೆ ಕಂಬಳಿ ಹೊದಿಸಿ, ಒಂದು ಮೂಲೆ ಗಾಳಿಗೆ ತೆರೆದಿರಲಿ. ಕಂಬಳಿ ಹೊದಿಸುವ ಮುನ್ನ ಹೀಟರಿನ ಪ್ಲಗ್ ಕಿತ್ತಿಡಿ. ಕರೆಂಟ್ ಬಂದ ಮೇಲೆ ಮೊದಲು ಕಂಬಳಿ ತೆಗೆದು, ನಂತರವೇ ಪ್ಲಗ್ ಹಾಕಿ.